ಧೂಮಕೇತುವಿನ ಪಥ, ಧೂಮಕೇತುವಿನ ಪ್ರಭೆ

ಹೊಸದೊಂದು ಧೂಮಕೇತು ಕಂಡುಬಂದಿದೆಯೆಂದೂ, ಇಂತಿಷ್ಟು ತಿಂಗಳ ಬಳಿಕ ಅದು ಸೂರ್ಯನ ಅತ್ಯಂತ ಸಮೀಪದಲ್ಲಿ ಹಾದುಹೋಗಲಿದೆಯೆಂದೂ, ಆಗ ಅದು ಹಗಲಿನಲ್ಲಿಯೂ ಕಣ್ಣಿಗೆ ಬೀಳುವಷ್ಟು ಪ್ರಕಾಶಮಾನವಾಗುವುದೆಂದೂ ಪತ್ರಿಕೆಗಳಲ್ಲಿ ವಾರ್ತೆ ಬಂದಾಗ, ಓದುಗನ ಮನಸ್ಸಿನಲ್ಲಿ ಈ ಮೂರು ಮಾತುಗಳೂ ಒಂದೇ ಪ್ರಮಾಣದ ಸತ್ಯಗಳಾಗಿ ನೆಲೆಗೊಳ್ಳುವುದು ಸಹಜವಾಗಿದೆ. ಆದರೆ ಇವುಗಳಲ್ಲಿ ಮೊದಲನೆಯದು ಪ್ರತ್ಯಕ್ಷ ವೀಕ್ಷಣೆಯಿಂದ ಬಂದದ್ದು. ಎರಡನೆಯದು ಮುನ್ನೂರು ವರ್ಷಗಳಿಗೂ ಮಿಕ್ಕ ಕಾಲ ಪರೀಕ್ಷೆಗೆ ಒಳಗಾಗಿ ಗಟ್ಟಿಗೊಂಡ ಗಣಿತದಿಂದ ಹುಟ್ಟಿದ್ದು. ಮೂರನೆಯದು ಮಾತ್ರ ವಿದ್ವಾಂಸರ ಊಹೆ. ಧೂಮಕೇತು ಎಲ್ಲಿ ಹೋಗುವುದೆಂಬುದನ್ನು ನಾವು ಬಲ್ಲೆವು. ಹೋಗುವಾಗ ಅದು ಹೇಗೆ ಬೆಳಗುವುದೆಂಬುದನ್ನು ಅರಿಯೆವು. ಈ ಅರಿವು ಮತ್ತು ಅರಿಯದಿರುವಿಕೆಗಳ ನಡುವಣ ಗೆರೆಯನ್ನು ಸ್ಪಷ್ಟವಾಗಿ ಕಾಣದೆ ಹೋದರೆ, ಧೂಮಕೇತುವಿನ ವಿಷಯದಲ್ಲಿ ಮೊದಲು ಮಿತಿಮೀರಿದ ಉತ್ಸಾಹವೂ ಅನಂತರ ವಿಜ್ಞಾನದ ಮೇಲೆಯೇ ಅಪನಂಬಿಕೆಯೂ ಹುಟ್ಟುವುದುಂಟು. ಆ ಗೆರೆಯನ್ನು ವಿಶದಪಡಿಸುವುದಕ್ಕೆ 2013ನೆಯ ಇಸವಿಯ ಐಸಾನ್ ಧೂಮಕೇತುವಿಗಿಂತ ಉತ್ತಮವಾದ ನಿದರ್ಶನ ಬೇರೊಂದಿಲ್ಲ.

2012ರ ಸೆಪ್ಟೆಂಬರ್ 21ರಂದು, ದಕ್ಷಿಣ ರಷ್ಯಾದ ಕಿಸ್ಲೊವೊಡ್ಸ್ಕ್ ನಗರದ ಸಮೀಪದಲ್ಲಿರುವ 40 ಸೆಂಟಿಮೀಟರ್ ವ್ಯಾಸದ ದೂರದರ್ಶಕವು ತೆಗೆದ ಚಿತ್ರಗಳನ್ನು ಪರಿಶೀಲಿಸುತ್ತಿದ್ದ ಬೆಲಾರುಸ್ ದೇಶದ ವಿಟಾಲಿ ನೆವ್‌ಸ್ಕಿ ಮತ್ತು ರಷ್ಯಾದ ಆರ್ತ್ಯೋಮ್ ನೊವಿಚೊನೊಕ್ ಎಂಬ ವೀಕ್ಷಕರಿಬ್ಬರಿಗೆ, ನಕ್ಷತ್ರಗಳ ನಡುವೆ ಮೆಲ್ಲಮೆಲ್ಲನೆ ಸ್ಥಳ ಬದಲಿಸುತ್ತಿದ್ದ ಅತಿ ಕ್ಷೀಣವಾದ ಒಂದು ಬೆಳಕಿನ ಚುಕ್ಕೆ ಗೋಚರವಾಯಿತು. ಅವರು ಬಳಸುತ್ತಿದ್ದ ದೂರದರ್ಶಕವು ಯಾವ ಅಂತರರಾಷ್ಟ್ರೀಯ ವೀಕ್ಷಣಾಜಾಲಕ್ಕೆ ಸೇರಿತ್ತೋ ಆ ಜಾಲದ ಹೆಸರೇ ಧೂಮಕೇತುವಿಗೂ ಸಂದಿತು. ಶಾಸ್ತ್ರೀಯ ನಾಮಾವಳಿಯಲ್ಲಿ ಅದು ಸಿ/2012 ಎಸ್1. ಆಗ ಅದು ಸೂರ್ಯನಿಂದ ಸುಮಾರು 94 ಕೋಟಿ ಕಿಲೋಮೀಟರ್ ದೂರದಲ್ಲಿ, ಎಂದರೆ ಗುರುಗ್ರಹದ ಕಕ್ಷೆಗಿಂತಲೂ ಆಚೆಗೆ ಇದ್ದಿತು. ಹೊಸ ಕಾಯವೊಂದು ಪತ್ತೆಯಾದಾಗ ಅದೇ ಸ್ಥಾನದ ಹಿಂದಿನ ಚಿತ್ರಗಳನ್ನು ಹುಡುಕಿ ನೋಡುವುದು ಖಗೋಳಜ್ಞರ ಪದ್ಧತಿ. ಹಾಗೆ ಹುಡುಕಿದಾಗ 2011ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ತೆಗೆದಿದ್ದ ಚಿತ್ರಗಳಲ್ಲಿಯೂ ಅದು ಯಾರ ಲಕ್ಷ್ಯಕ್ಕೂ ಬೀಳದೆ ಅಡಗಿದ್ದುದು ಕಂಡುಬಂದಿತು. ಇಷ್ಟು ದೀರ್ಘವಾದ ಕಾಲಾವಧಿಯ ಸ್ಥಾನಗಳು ದೊರೆತ ಮೇಲೆ ಪಥವನ್ನು ಗಣಿಸುವುದು ಕಷ್ಟವಾಗಲಿಲ್ಲ. 2013ರ ನವೆಂಬರ್ 28ರಂದು ಈ ಧೂಮಕೇತು ಸೂರ್ಯನ ಕೇಂದ್ರದಿಂದ ಸುಮಾರು 18.6 ಲಕ್ಷ ಕಿಲೋಮೀಟರ್, ಸೂರ್ಯನ ಮೇಲ್ಮೈಯಿಂದ ಸುಮಾರು 11.7 ಲಕ್ಷ ಕಿಲೋಮೀಟರ್ ದೂರದಲ್ಲಿ, ಸೆಕೆಂಡಿಗೆ ಸುಮಾರು 377 ಕಿಲೋಮೀಟರ್ ವೇಗದಿಂದ ಸೂರ್ಯನನ್ನು ಬಳಸಿಕೊಂಡು ಹೋಗುವುದೆಂದು ಲೆಕ್ಕ ಹೇಳಿತು. ಹದಿನಾಲ್ಕು ತಿಂಗಳುಗಳ ಅನಂತರ ನಡೆಯಲಿದ್ದ ಘಟನೆಯನ್ನು ಕುರಿತ ಈ ಲೆಕ್ಕದಲ್ಲಿ ಒಂದಿಷ್ಟೂ ಹುಸಿಯಾಗಲಿಲ್ಲವೆಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಇಂತಹ ಗಣನೆ ಮಾನವನಿಗೆ ಸುಲಭವಾಗಿ ಒದಗಿದ್ದಲ್ಲ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಕೇತುಗಳಿಗಾಗಿ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಅವುಗಳ ಉದಯವನ್ನಾಗಲಿ ಅಸ್ತವನ್ನಾಗಲಿ ಗಣಿತದ ವಿಧಿಯಿಂದ ತಿಳಿಯಲು ಸಾಧ್ಯವಿಲ್ಲವೆಂದು ಆರಂಭದಲ್ಲಿಯೇ ಹೇಳುತ್ತಾನೆ. ಕೇತುಗಳು 101 ಎಂದು ಕೆಲವರೂ ಸಾವಿರವೆಂದು ಮತ್ತೆ ಕೆಲವರೂ ಎಣಿಸಿರುವರೆಂದು ತಿಳಿಸಿ, ನಾರದನ ಮತದಲ್ಲಿ ಕೇತು ಒಂದೇ, ಅದು ನಾನಾ ರೂಪಗಳಲ್ಲಿ ಕಾಣಿಸಿಕೊಳ್ಳುವುದಷ್ಟೆ ಎಂದೂ ಸೇರಿಸುತ್ತಾನೆ. ಗ್ರಹಗಳ ಗತಿಯನ್ನೂ ಗ್ರಹಣಗಳ ಕಾಲವನ್ನೂ ಗಣಿಸಬಲ್ಲ ಶಾಸ್ತ್ರಜ್ಞನು ತನ್ನ ಗಣಿತಕ್ಕೆ ಎಟುಕದ ಸಂಗತಿಯನ್ನು ಎಟುಕದೆಂದೇ ಬರೆದಿಟ್ಟ ಪ್ರಾಮಾಣಿಕತೆ ಗೌರವಾರ್ಹವಾದುದು. ಗ್ರಹಗಳು ಕ್ರಾಂತಿವೃತ್ತದ ಆಸುಪಾಸಿನಲ್ಲಿಯೇ ಸಂಚರಿಸಿ ನಿಯತಕಾಲದಲ್ಲಿ ಮರಳಿ ಬರುವುವು; ಧೂಮಕೇತುವಾದರೋ ಯಾವ ದಿಕ್ಕಿನಿಂದಲಾದರೂ ಬರಬಹುದು, ಒಮ್ಮೆ ಬಂದದ್ದು ಸಾವಿರಾರು ವರ್ಷ ಮರಳದಿರಬಹುದು. ಎಷ್ಟು ತಲೆಮಾರುಗಳು ಕುಳಿತು ನೋಡಿದರೂ ಪುನರಾವೃತ್ತಿಯೊಂದು ಕೈಗೆ ಸಿಗದಿದ್ದಲ್ಲಿ ಸೂತ್ರ ಹುಟ್ಟುವುದೆಂತು?

ಸೂತ್ರ ಹುಟ್ಟಿದ್ದು ಯೂರೋಪಿನಲ್ಲಿ. ಅದೂ ಸೂರ್ಯನನ್ನು ಸವರಿಕೊಂಡು ಹೋದ ಒಂದು ಧೂಮಕೇತುವಿನಿಂದಲೇ. 1577ರ ಧೂಮಕೇತುವು ಚಂದ್ರನಿಗಿಂತಲೂ ಬಹುದೂರದಲ್ಲಿದೆಯೆಂಬುದನ್ನು ಡೆನ್ಮಾರ್ಕಿನ ಟೈಕೊ ಬ್ರಾಹೆ ತನ್ನ ಅಳತೆಗಳಿಂದ ಸಿದ್ಧಪಡಿಸಿ, ಅದು ಭೂಮಿಯ ವಾಯುಮಂಡಲದ ವಿಕಾರವೆಂಬ ಹಳೆಯ ಮತವನ್ನು ಅಲುಗಿಸಿದ್ದನು. 1680ರ ನವೆಂಬರಿನಲ್ಲಿ ಜರ್ಮನಿಯ ಗಾಟ್‌ಫ್ರೀಡ್ ಕಿರ್ಶ್ ದೂರದರ್ಶಕದ ಮೂಲಕ ಒಂದು ಧೂಮಕೇತುವನ್ನು ಕಂಡನು. ದೂರದರ್ಶಕದಿಂದ ಪ್ರಥಮತಃ ಕಂಡುಹಿಡಿಯಲ್ಪಟ್ಟ ಧೂಮಕೇತು ಅದೇ. ಅದು ಮುಂಜಾವದಲ್ಲಿ ಸೂರ್ಯನ ಕಡೆಗೆ ಇಳಿದು ಮರೆಯಾಯಿತು. ಕೆಲವು ದಿನಗಳ ಬಳಿಕ ಸಂಜೆಯ ಆಕಾಶದಲ್ಲಿ ಅದ್ಭುತವಾದ ಬಾಲವುಳ್ಳ ಧೂಮಕೇತುವೊಂದು ಮೂಡಿತು. ಇವೆರಡೂ ಒಂದೇ ಇರಬೇಕೆಂದು ಇಂಗ್ಲೆಂಡಿನ ಫ್ಲಾಮ್‌ಸ್ಟೀಡ್ ವಾದಿಸಿದಾಗ ನ್ಯೂಟನ್ ಮೊದಮೊದಲು ಒಪ್ಪಲಿಲ್ಲ. ಒಪ್ಪಿದ ಮೇಲೆ, ಆ ಒಂದೇ ಕಾಯವು ಸೂರ್ಯನನ್ನು ಬಳಸಿಹೋದ ಬಾಗಿದ ಹಾದಿಯನ್ನು ಗುರುತ್ವದ ನಿಯಮದಿಂದಲೇ ಸಾಧಿಸಿ, 1687ರ ತನ್ನ ಪ್ರಿನ್ಸಿಪಿಯಾ ಗ್ರಂಥದಲ್ಲಿ ಪ್ರಕಟಿಸಿದನು. ಸೇಬನ್ನು ನೆಲಕ್ಕೆಳೆಯುವ ಬಲವೇ, ಎಲ್ಲಿಂದಲೋ ಬಂದ ಅಪರಿಚಿತ ಕಾಯವನ್ನೂ ಆಳುತ್ತದೆಯೆಂಬ ಮಾತಿಗೆ ಧೂಮಕೇತು ಸಾಕ್ಷಿಯಾಗಿ ನಿಂತಿತು.

ಆ ಸಾಕ್ಷ್ಯವನ್ನು ಪೂರ್ಣಗೊಳಿಸಿದವನು ನ್ಯೂಟನ್ನನ ಮಿತ್ರನಾದ ಎಡ್ಮಂಡ್ ಹ್ಯಾಲಿ. 1531, 1607 ಮತ್ತು 1682ರ ಧೂಮಕೇತುಗಳ ಪಥಗಳು ಒಂದನ್ನೊಂದು ಹೋಲುವುದನ್ನು ಕಂಡು, ಇವು ಮೂರೂ ಒಂದೇ ಕಾಯದ ಪುನರಾಗಮನಗಳೆಂದು 1705ರಲ್ಲಿ ಸಾರಿ, 1758ರ ಸುಮಾರಿಗೆ ಅದು ಮತ್ತೆ ಬರುವುದೆಂದು ಆತನು ಹೇಳಿದನು. 1742ರಲ್ಲಿಯೇ ಗತಿಸಿದ ಹ್ಯಾಲಿಗೆ ಅದನ್ನು ನೋಡುವ ಭಾಗ್ಯವಿರಲಿಲ್ಲ. ಆದರೆ ಫ್ರಾನ್ಸಿನ ಕ್ಲೆರೊ, ಲಾಲಾಂಡ್ ಮತ್ತು ನಿಕೋಲ್ ರೆನ್ ಲೆಪೋಟ್ ಎಂಬ ವಿದುಷಿ ತಿಂಗಳುಗಟ್ಟಲೆ ಅಂಕಿಗಳೊಡನೆ ಸೆಣಸಿ, ಗುರು ಮತ್ತು ಶನಿಗ್ರಹಗಳ ಸೆಳೆತದಿಂದ ಅದರ ಬರವು ತಡವಾಗುವುದೆಂದೂ, ಒಂದು ತಿಂಗಳ ಹೆಚ್ಚುಕಡಿಮೆಗೆ ಒಳಪಟ್ಟು 1759ರ ಏಪ್ರಿಲ್ ನಡುಭಾಗದಲ್ಲಿ ಅದು ಸೂರ್ಯನಿಗೆ ಅತಿ ಸಮೀಪದಲ್ಲಿರುವುದೆಂದೂ ಮುಂಚಿತವಾಗಿ ತಿಳಿಸಿದರು. ಅದು ಬಂದದ್ದು ಮಾರ್ಚ್ 13ರಂದು. ತಾವು ಹೇಳಿದ ಮಾತಿನಲ್ಲಿ ಎಷ್ಟು ತಪ್ಪಿರಬಹುದೆಂಬುದನ್ನೂ ಮೊದಲೇ ಹೇಳಿ, ಸರಿಸುಮಾರು ಆ ಅಂಚಿನಲ್ಲಿಯೇ ನಿಂತ ಈ ಗಣನೆ ಧೂಮಕೇತುಗಳ ಇತಿಹಾಸದಲ್ಲಿ ಯುಗಪ್ರವರ್ತಕವಾದುದು. ವರಾಹಮಿಹಿರನು ಅಸಾಧ್ಯವೆಂದದ್ದು ಅಂದಿಗೆ ಸಾಧ್ಯವಾಯಿತು.

ಇಂದಿನ ಗಣನೆಯಲ್ಲಿ ಗಂಟೆ ನಿಮಿಷಗಳ ಮಾತಿದೆ. ಧೂಮಕೇತುವಿನಿಂದ ಚಿಮ್ಮುವ ಅನಿಲವು ಅದನ್ನು ಹಿಂದಕ್ಕೊ ಪಕ್ಕಕ್ಕೊ ತಳ್ಳುವುದರಿಂದ ಪಥವು ಕಿಂಚಿತ್ತಾಗಿ ಕದಲುವುದು ನಿಜ. ಆದರೆ ಆ ಚಲನೆಯನ್ನೂ ಲೆಕ್ಕಕ್ಕೆ ಹಿಡಿಯುವ ಉಪಾಯಗಳಿವೆ. ಐಸಾನ್ ಸೂರ್ಯನನ್ನು ಬಳಸಿದ ಎರಡು ದಿನಗಳ ತರುವಾಯ, 2013ರ ಡಿಸೆಂಬರ್ 1ರ ನಡುರಾತ್ರಿ ಕಳೆದ ಹೊತ್ತಿನಲ್ಲಿ, ಬೆಂಗಳೂರಿನ ನಿಯಂತ್ರಣ ಕೇಂದ್ರದ ಆದೇಶದಂತೆ ನಮ್ಮ ಮಂಗಳಯಾನವು ಭೂಮಿಯ ಬಂಧನವನ್ನು ಕಳಚಿಕೊಂಡು ಮಂಗಳಗ್ರಹದ ಕಡೆಗೆ ಹೊರಟಿತು. ಹತ್ತು ತಿಂಗಳ ಬಳಿಕ ಮಂಗಳ ಎಲ್ಲಿರುವುದೋ ಅಲ್ಲಿಗೆ ನೌಕೆಯನ್ನು ಕಳುಹಿಸಿಕೊಟ್ಟ ಗಣಿತವೂ ಧೂಮಕೇತುವಿನ ಹಾದಿಯನ್ನು ಹೇಳಿದ ಗಣಿತವೂ ಒಂದೇ. 2014ರ ಅಕ್ಟೋಬರ್ 19ರಂದು ಸೈಡಿಂಗ್ ಸ್ಪ್ರಿಂಗ್ ಎಂಬ ಮತ್ತೊಂದು ಹೊಸ ಧೂಮಕೇತು ಮಂಗಳಗ್ರಹದಿಂದ ಕೇವಲ 1,40,000 ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು. ಅದು ಹಾಯುವ ಗಳಿಗೆ ಮುಂಚಿತವಾಗಿ ತಿಳಿದಿದ್ದುದರಿಂದ, ಆ ಗಳಿಗೆಯಲ್ಲಿ ಮಂಗಳಯಾನವು ಗ್ರಹದ ಮರೆಯಲ್ಲಿರುವಂತೆ ಅದರ ಕಕ್ಷೆಯನ್ನು ಹೊಂದಿಸಲಾಯಿತು. ಪಥ ನಿಶ್ಚಿತವಾಗಿದ್ದುದರಿಂದ ಈ ರಕ್ಷಣೆ ಸಾಧ್ಯವಾಯಿತು. ಧೂಮಕೇತು ಎಷ್ಟು ಧೂಳನ್ನು ಚೆಲ್ಲುವುದೆಂಬುದು ಅನಿಶ್ಚಿತವಾಗಿದ್ದುದರಿಂದ ಈ ರಕ್ಷಣೆ ಅಗತ್ಯವಾಯಿತು.

ಆ ಅನಿಶ್ಚಯದ ಮೂಲವನ್ನು ಈಗ ನೋಡೋಣ. ಗುರುತ್ವವು ಕಾಯದ ಒಳಗುಟ್ಟನ್ನು ಕೇಳುವುದಿಲ್ಲ; ಅದು ಕಬ್ಬಿಣವಾಗಲಿ ಹಿಮವಾಗಲಿ, ಗಟ್ಟಿಯಾಗಲಿ ಪೊಳ್ಳಾಗಲಿ, ಒಂದೇ ರೀತಿಯಲ್ಲಿ ಸೆಳೆಯುವುದು. ಬೆಳಕಿನ ವಿಷಯ ಹಾಗಲ್ಲ. ಧೂಮಕೇತುವಿನ ಬೀಜಭಾಗವು ಹಿಮ, ಘನೀಭವಿಸಿದ ಅನಿಲಗಳು ಮತ್ತು ಶಿಲಾಧೂಳಿಗಳ ಮಿಶ್ರಣವೆಂದು 1950ರಲ್ಲಿ ಅಮೆರಿಕದ ಫ್ರೆಡ್ ವ್ಹಿಪ್ಪಲ್ ಪ್ರತಿಪಾದಿಸಿದನು. ಅದೇ ವರ್ಷ ಹಾಲೆಂಡಿನ ಯಾನ್ ಊರ್ಟ್, ಸೂರ್ಯವ್ಯವಸ್ಥೆಯ ಅತ್ಯಂತ ದೂರದ ಅಂಚಿನಲ್ಲಿ ಇಂತಹ ಕಾಯಗಳ ಅಪಾರವಾದ ಸಮೂಹವೊಂದು ಎಲ್ಲ ದಿಕ್ಕುಗಳಲ್ಲಿಯೂ ಆವರಿಸಿಕೊಂಡಿರಬೇಕೆಂದು ತರ್ಕಿಸಿದನು. 1986ರಲ್ಲಿ ಯೂರೋಪಿನ ಜೊಟ್ಟೊ ನೌಕೆ ಹ್ಯಾಲಿ ಧೂಮಕೇತುವಿನ ಬಳಿಸಾರಿ ತೆಗೆದ ಚಿತ್ರಗಳು, ಬೀಜಭಾಗವು ಸುಮಾರು 15 ಕಿಲೋಮೀಟರ್ ಉದ್ದದ, ಇದ್ದಲಿಗಿಂತಲೂ ಕಪ್ಪಾದ, ಅಲ್ಲಲ್ಲಿ ಅನಿಲವನ್ನು ಚಿಮ್ಮುವ ಗಡ್ಡೆಯೆಂಬುದನ್ನು ಕಣ್ಣಿಗೆ ಕಟ್ಟಿದುವು. ಕರ್ಪೂರವು ಕರಗದೆಯೇ ನೇರವಾಗಿ ಆವಿಯಾಗುವಂತೆ, ಆಕಾಶದ ನಿರ್ವಾತದಲ್ಲಿ ಸೂರ್ಯತಾಪಕ್ಕೆ ಸಿಕ್ಕ ಹಿಮವು ದ್ರವವಾಗದೆ ಆವಿಯಾಗುವುದು. ಆ ಆವಿ ತನ್ನೊಡನೆ ಧೂಳನ್ನೂ ಎತ್ತಿಕೊಂಡು ಬಂದು, ಕೆಲವೇ ಕಿಲೋಮೀಟರುಗಳ ಬೀಜದ ಸುತ್ತ ಲಕ್ಷಾಂತರ ಕಿಲೋಮೀಟರುಗಳ ತಲೆಯನ್ನೂ ಕೋಟ್ಯಂತರ ಕಿಲೋಮೀಟರುಗಳ ಬಾಲವನ್ನೂ ನಿರ್ಮಿಸುವುದು. ನಾವು ಕಾಣುವ ಕಾಂತಿಯೆಲ್ಲವೂ ಈ ವಿಸರ್ಜಿತ ದ್ರವ್ಯದ್ದು. ಬೀಜವು ನಮಗೆ ಕಾಣಿಸುವುದೇ ಇಲ್ಲ.

ಆದುದರಿಂದ ಧೂಮಕೇತು ಎಷ್ಟು ಬೆಳಗುವುದೆಂಬ ಪ್ರಶ್ನೆಗೆ ಉತ್ತರವು, ಅದರಲ್ಲಿ ಯಾವ ಹಿಮ ಎಷ್ಟಿದೆ, ಎಷ್ಟು ಆಳದಲ್ಲಿದೆ, ಮೇಲಿನ ಧೂಳಿನ ಪದರ ಎಷ್ಟು ದಪ್ಪ, ಬೀಜದ ಗಾತ್ರವೆಷ್ಟು, ಅದು ಹೇಗೆ ತಿರುಗುತ್ತಿದೆ ಎಂಬ ಅನೇಕ ಅಂಶಗಳನ್ನು ಅವಲಂಬಿಸಿದೆ; ದೂರದಿಂದ ನೋಡುವವರಿಗೆ ಇವುಗಳಲ್ಲಿ ಒಂದೂ ಸರಿಯಾಗಿ ತಿಳಿಯದು. ಅದರಲ್ಲಿಯೂ ಮೊಟ್ಟಮೊದಲ ಬಾರಿಗೆ ಸೂರ್ಯನ ಸಮೀಪಕ್ಕೆ ಬರುವ ಹೊಸ ಧೂಮಕೇತು ವಿಶೇಷವಾಗಿ ಭ್ರಮೆಗೊಳಿಸುವಂಥದು. ನೀರಿನ ಹಿಮವು ಚೆನ್ನಾಗಿ ಆವಿಯಾಗತೊಡಗುವುದು ಸೂರ್ಯನಿಂದ ಸುಮಾರು 45 ಕೋಟಿ ಕಿಲೋಮೀಟರ್ ದೂರಕ್ಕೆ ಬಂದ ಮೇಲೆ. ಆದರೆ ಇಂಗಾಲದ ಮಾನಾಕ್ಸೈಡ್, ಡೈಆಕ್ಸೈಡ್‌ಗಳಂತಹ ಹಿಮಗಳು ಅದಕ್ಕಿಂತ ಬಹಳ ದೂರದ ಚಳಿಯಲ್ಲಿಯೇ ಆವಿಯಾಗಬಲ್ಲುವು. ಕೋಟ್ಯಂತರ ವರ್ಷ ಬಿಸಿಲು ಕಾಣದೆ ಶೈತ್ಯದಲ್ಲಿ ಉಳಿದುಬಂದ ಧೂಮಕೇತುವಿನ ಮೇಲ್ಪದರದಲ್ಲಿ ಇವು ಅಖಂಡವಾಗಿ ಉಳಿದಿರುತ್ತವೆ. ಗುರುಗ್ರಹದಷ್ಟು ದೂರದಲ್ಲಿರುವಾಗಲೇ ಅವು ಚಿಮ್ಮಿ ಧೂಮಕೇತುವನ್ನು ಬೆಳಗಿಸುತ್ತವೆ. ಇಷ್ಟು ದೂರದಲ್ಲಿಯೇ ಇಷ್ಟು ಕಾಂತಿಯಿದ್ದರೆ ಸೂರ್ಯನ ಬಳಿ ಎಷ್ಟಾಗಬಹುದೆಂದು ನೋಡುವವರು ಲೆಕ್ಕ ಹಾಕುತ್ತಾರೆ. ಆದರೆ ಆ ತೆಳುವಾದ ಪದರದ ಸಂಪತ್ತು ಬೇಗ ಮುಗಿದು, ಕಾಂತಿಯ ಏರಿಕೆ ನಡುದಾರಿಯಲ್ಲಿಯೇ ಕುಗ್ಗಿಬಿಡುವುದುಂಟು.

1973ರಲ್ಲಿ ನಡೆದದ್ದು ಇದೇ. ಆ ವರ್ಷದ ಮಾರ್ಚ್ ತಿಂಗಳಲ್ಲಿ ಹ್ಯಾಂಬರ್ಗಿನ ವೀಕ್ಷಣಾಲಯದಲ್ಲಿ ಲುಬೋಶ್ ಕೊಹೂಟೆಕ್ ಕಂಡುಹಿಡಿದ ಧೂಮಕೇತುವು ಶತಮಾನದ ವಿಸ್ಮಯವಾಗುವುದೆಂದು ಲೋಕವೆಲ್ಲ ನಿರೀಕ್ಷಿಸಿತು. ವರ್ಷದ ಕೊನೆಯಲ್ಲಿ ಅದು ಬಂದಾಗ, ಬಾಹ್ಯಾಕಾಶದ ಸ್ಕೈಲ್ಯಾಬಿನಲ್ಲಿದ್ದ ಗಗನಯಾತ್ರಿಗಳೂ ಭೂಮಿಯ ವಿಜ್ಞಾನಿಗಳೂ ಅದರಿಂದ ಬಹಳಷ್ಟನ್ನು ಕಲಿತರು. ಆದರೆ ಬೀದಿಗಿಳಿದು ನೋಡಿದ ಜನಸಾಮಾನ್ಯರಿಗೆ ಅದು ಕಂಡೂ ಕಾಣದಂತಿತ್ತು. ಈ ನಿರಾಶೆಯ ಪರಿಣಾಮವಾಗಿ, ಎರಡು ವರ್ಷಗಳ ಬಳಿಕ ವೆಸ್ಟ್ ಎಂಬ ಧೂಮಕೇತುವಿನ ಸುದ್ದಿ ಬಂದಾಗ ಪತ್ರಿಕೆಗಳು ಅದಕ್ಕೆ ಹೆಚ್ಚಿನ ಗಮನ ಕೊಡಲಿಲ್ಲ. 1976ರ ಮಾರ್ಚ್ ತಿಂಗಳ ಮುಂಜಾವುಗಳಲ್ಲಿ ಆ ಧೂಮಕೇತುವೇ ಬೀಸಣಿಗೆಯಂತೆ ಹರಡಿದ ಭವ್ಯವಾದ ಬಾಲದೊಡನೆ ಆಕಾಶವನ್ನು ತುಂಬಿತು. ಎಷ್ಟೋ ಮಂದಿ ಅದರ ಸುದ್ದಿಯನ್ನೇ ಅರಿಯದೆ ನಿದ್ರಿಸಿದ್ದರು. ಅತಿಯಾಗಿ ನಂಬಿದ್ದೂ ಅತಿಯಾಗಿ ಅಪನಂಬಿಕೆ ತಾಳಿದ್ದೂ ಒಂದೇ ದೋಷದ ಎರಡು ಫಲಗಳು.

ಐಸಾನ್ ಸಹ ಹೊಸ ಧೂಮಕೇತುವೇ. ಅದು ಪೂರ್ಣಚಂದ್ರನಿಗಿಂತ ಹೆಚ್ಚು ಬೆಳಗಬಹುದೆಂಬ ಮಾತು ಮೊದಲ ವಾರಗಳಲ್ಲಿಯೇ ಹೊರಟಿತು. 2013ರ ಮೊದಲ ತಿಂಗಳುಗಳಲ್ಲಿ ಅದರ ಕಾಂತಿ ಏರದೆ ನಿಂತಾಗ ಖಗೋಳಜ್ಞರು ಎಚ್ಚರಿಕೆಯ ಮಾತುಗಳನ್ನಾಡತೊಡಗಿದರು. ಆ ಮಾತುಗಳಿಗೆ ಮೊದಲಿನ ಘೋಷಣೆಗೆ ಸಿಕ್ಕಿದ ಪ್ರಚಾರ ಸಿಗಲಿಲ್ಲ. ಏಪ್ರಿಲ್ ತಿಂಗಳಲ್ಲಿ ಹಬಲ್ ದೂರದರ್ಶಕವು ನೋಡಿದಾಗ ಬೀಜಭಾಗವು ನಾಲ್ಕೈದು ಕಿಲೋಮೀಟರಿಗಿಂತ ದೊಡ್ಡದಿರಲಾರದೆಂದು ತಿಳಿಯಿತು. ಅಕ್ಟೋಬರ್ ಆರಂಭದಲ್ಲಿ ಅದು ಮಂಗಳಗ್ರಹದ ಬಳಿ ಹಾದುಹೋದಾಗ, ಅಲ್ಲಿ ಸುತ್ತುತ್ತಿದ್ದ ಅಮೆರಿಕದ ನೌಕೆ ತೆಗೆದ ಚಿತ್ರಗಳಿಂದ ಅದು ಇನ್ನೂ ಸಣ್ಣದು, ಬಹುಶಃ ಒಂದು ಕಿಲೋಮೀಟರಿನಷ್ಟರದು ಎಂಬ ಅನುಮಾನ ಬಲಿಯಿತು. ನವೆಂಬರ್ ನಡುವಿನಲ್ಲಿ ಅದು ಹಠಾತ್ತನೆ ಉಜ್ಜ್ವಲವಾಗಿ ಬರಿಗಣ್ಣಿಗೂ ಗೋಚರಿಸತೊಡಗಿದಾಗ, ಇದು ಬಹುಕಾಲದಿಂದ ಕಾದಿದ್ದ ವೈಭವದ ಆರಂಭವೋ, ಬೀಜವು ಬಿರಿಯುತ್ತಿರುವುದರ ಲಕ್ಷಣವೋ ಎಂದು ನಿರ್ಣಯಿಸುವುದು ಯಾರಿಗೂ ಸಾಧ್ಯವಾಗಲಿಲ್ಲ.

ಸೂರ್ಯನ ಅಷ್ಟು ಸಮೀಪದಲ್ಲಿ ಧೂಮಕೇತುವಿಗೆ ಒದಗುವ ಸಂಕಟಗಳು ಒಂದೆರಡಲ್ಲ. ಭೂಮಿಯ ಮೇಲೆ ಬೀಳುವ ಬಿಸಿಲಿಗಿಂತ ಸುಮಾರು 6,500 ಮಡಿ ತೀಕ್ಷ್ಣವಾದ ಬಿಸಿಲು ಐಸಾನ್‌ಗೆ ತಗಲುವುದಿತ್ತು. ಅದರ ಮೇಲ್ಮೈಯ ತಾಪ ಸುಮಾರು 2,700 ಡಿಗ್ರಿ ಸೆಲ್ಸಿಯಸ್ ಮುಟ್ಟುವುದಿತ್ತು. ಅಷ್ಟು ತಾಪದಲ್ಲಿ ಹಿಮವಷ್ಟೇ ಅಲ್ಲದೆ ಶಿಲೆಯ ಕಣವೂ ಲೋಹವೂ ಆವಿಯಾಗುವುವು. ಎರಡನೆಯದಾಗಿ, ಧೂಮಕೇತುವಿನ ಸೂರ್ಯಾಭಿಮುಖವಾದ ಭಾಗವನ್ನು ಸೂರ್ಯನು ಹೆಚ್ಚಾಗಿಯೂ ಹಿಂಭಾಗವನ್ನು ಕಡಿಮೆಯಾಗಿಯೂ ಸೆಳೆಯುವುದರಿಂದ, ಸಡಿಲವಾಗಿ ಕೂಡಿಕೊಂಡ ಬೀಜವು ಹಿಗ್ಗಿ ಸೀಳಬಹುದು. ಮೂರನೆಯದಾಗಿ, ಒಂದು ಪಾರ್ಶ್ವದಿಂದ ಚಿಮ್ಮುವ ಅನಿಲವು ಬೀಜದ ಭ್ರಮಣವನ್ನು ತ್ವರಿತಗೊಳಿಸಿ, ತನ್ನ ವೇಗಕ್ಕೆ ತಾನೇ ಸಿಡಿದುಹೋಗುವಂತೆ ಮಾಡಬಹುದು. ಇವುಗಳಲ್ಲಿ ಯಾವುದು ಯಾವಾಗ ಮೇಲುಗೈಯಾಗುವುದೆಂಬುದು ಬೀಜದ ಅಂತರಂಗದ ಬಿಗುವನ್ನು ಅವಲಂಬಿಸಿದೆ. ಆ ಬಿಗುವನ್ನು ಅಳೆಯುವ ಸಾಧನ ದೂರದಲ್ಲಿರುವ ನಮ್ಮ ಬಳಿ ಇಲ್ಲ.

ಭಾರತೀಯ ಕಾಲಮಾನದಂತೆ ನವೆಂಬರ್ 29ರ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಆ ಗಳಿಗೆ ಬಂದಿತು. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿದ್ದು, ಸೂರ್ಯಬಿಂಬವನ್ನು ಒಂದು ತಟ್ಟೆಯಿಂದ ಮರೆಮಾಡಿ ಅದರ ಸುತ್ತಣ ಕ್ಷೀಣ ಪ್ರಭೆಯನ್ನು ಚಿತ್ರಿಸುವ ಸೋಹೊ ನೌಕೆಯ ಕರೋನಾಗ್ರಾಫ್ ಚಿತ್ರಗಳನ್ನು ಸಹಸ್ರಾರು ಜನರು ಲೋಕದ ನಾನಾ ಮೂಲೆಗಳಲ್ಲಿ ಕುಳಿತು ನೋಡುತ್ತಿದ್ದರು. ತಟ್ಟೆಯ ಅಂಚಿಗೆ ಬರುವ ಮೊದಲೇ ಧೂಮಕೇತುವಿನ ತಲೆಯ ಕಾಂತಿ ಕುಂದಿತು. ಸೂರ್ಯನನ್ನೇ ನಿಟ್ಟಿಸುವ ಎಸ್‌ಡಿಒ ಎಂಬ ಮತ್ತೊಂದು ನೌಕೆಯನ್ನು ಅದರ ಹಾದಿಯ ಕಡೆಗೆ ತಿರುಗಿಸಿದಾಗ ಅಲ್ಲಿ ಏನೂ ಕಾಣಿಸಲಿಲ್ಲ. ಕೆಲವು ಗಂಟೆಗಳ ಬಳಿಕ, ಗಣಿತವು ಹೇಳಿದ್ದ ಹಾದಿಯಲ್ಲಿಯೇ, ಅಗಲವಾಗಿ ಹರಡಿದ ಮಂದಪ್ರಭೆಯೊಂದು ಸೂರ್ಯನ ಮತ್ತೊಂದು ಬದಿಯಿಂದ ಹೊರಬಂದು, ಕೊಂಚ ಹೊತ್ತು ಬೆಳಗಿ, ಒಂದೆರಡು ದಿನಗಳಲ್ಲಿ ಚೆದರಿಹೋಯಿತು. ಡಿಸೆಂಬರ್ ನಡುವೆ ಹಬಲ್ ಆ ಸ್ಥಾನವನ್ನು ಶೋಧಿಸಿದಾಗ ಅವಶೇಷವೊಂದೂ ದೊರೆಯಲಿಲ್ಲ. ಪಥ ಅಕ್ಷರಶಃ ಸತ್ಯವಾಯಿತು. ಪ್ರಭೆ ನಿರೀಕ್ಷೆಯಂತೆ ಬರಲಿಲ್ಲ.

ಇದಕ್ಕೆ ಎರಡು ವರ್ಷಗಳ ಹಿಂದೆ ನಡೆದ ವಿದ್ಯಮಾನವನ್ನು ಇದರೊಡನೆ ಇಟ್ಟು ನೋಡಿದರೆ ವಿಷಯ ಇನ್ನೂ ಗಹನವಾಗುವುದು. 2011ರ ನವೆಂಬರ್ 27ರಂದು ಆಸ್ಟ್ರೇಲಿಯದ ಹವ್ಯಾಸಿ ವೀಕ್ಷಕ ಟೆರಿ ಲವ್‌ಜಾಯ್ ಕೇವಲ 20 ಸೆಂಟಿಮೀಟರ್ ವ್ಯಾಸದ ದೂರದರ್ಶಕದಿಂದ ಕಂಡುಹಿಡಿದ ಧೂಮಕೇತುವು, ಮೂರು ವಾರಗಳೊಳಗೆ, ಡಿಸೆಂಬರ್ 16ರಂದು ಸೂರ್ಯನ ಮೇಲ್ಮೈಯಿಂದ ಬರಿಯ 1,40,000 ಕಿಲೋಮೀಟರ್ ಎತ್ತರದಲ್ಲಿ ಹಾಯ್ದಿತು. ಅದರ ಬೀಜ ಕೆಲವು ನೂರು ಮೀಟರುಗಳಷ್ಟೇ ಎಂದು ಅಂದಾಜು. ಆದುದರಿಂದ ಅದು ಉಳಿಯುವುದೆಂದು ಬಹುಮಂದಿ ಎಣಿಸಿರಲಿಲ್ಲ. ಸೂರ್ಯನ ಸುತ್ತಣ ಪ್ರಭೆಯಾದ, ಹತ್ತಾರು ಲಕ್ಷ ಡಿಗ್ರಿ ತಾಪದ ಕರೋನಾವನ್ನು ಸುಮಾರು ಒಂದು ಗಂಟೆಯ ಕಾಲ ಭೇದಿಸಿಕೊಂಡು ಅದು ಹೊರಬಂದುದನ್ನು ನೌಕೆಗಳು ಚಿತ್ರಿಸಿದಾಗ ಖಗೋಳಜ್ಞರು ಹರ್ಷದಿಂದ ಉದ್ಗರಿಸಿದರು. ಎರಡು ದಿನ ಕಳೆಯುವುದರೊಳಗೆ ಅದರ ಬೀಜ ಒಡೆಯಿತಾದರೂ, ತಲೆಯಿಲ್ಲದ ನೀಳವಾದ ಬಾಲವು ಕ್ರಿಸ್‌ಮಸ್ಸಿನ ಮುಂಜಾವುಗಳಲ್ಲಿ ದಕ್ಷಿಣಾರ್ಧಗೋಳದ ಜನರಿಗೂ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಡ್ಯಾನ್ ಬರ್ಬ್ಯಾಂಕ್ ಎಂಬ ಗಗನಯಾತ್ರಿಗೂ ಅಪೂರ್ವ ದರ್ಶನವನ್ನಿತ್ತಿತು. ಸಣ್ಣದು ಬಹಳ ಹತ್ತಿರ ಹೋಗಿಯೂ ಹೊರಬಂದಿತು. ದೊಡ್ಡದು ಅಷ್ಟು ಹತ್ತಿರ ಹೋಗದೆಯೇ ಅಳಿಯಿತು.

ಲವ್‌ಜಾಯ್ ಧೂಮಕೇತು, ಸೂರ್ಯನನ್ನು ಸವರಿಕೊಂಡು ಹೋಗುವ ಸೂರ್ಯಸ್ಪರ್ಶಿಗಳ ಒಂದು ಮಹಾಕುಟುಂಬಕ್ಕೆ ಸೇರಿದ್ದು. 1843ರ ಮತ್ತು 1882ರ ಮಹಾಧೂಮಕೇತುಗಳೂ ಮತ್ತೆ ಕೆಲವೂ ಹೆಚ್ಚುಕಡಿಮೆ ಒಂದೇ ಹಾದಿಯಲ್ಲಿ ಬಂದುವೆಂದು ಗುರುತಿಸಿ, ಅವೆಲ್ಲವೂ ಪುರಾತನವಾದ ಒಂದೇ ಬೃಹತ್ಕಾಯದ ತುಣುಕುಗಳೆಂದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಹೈನ್ರಿಕ್ ಕ್ರೊಯ್ಟ್ಸ್ ಪ್ರತಿಪಾದಿಸಿದನು. 1965ರ ಸೆಪ್ಟೆಂಬರ್ 18ರಂದು ಜಪಾನಿನ ಇಬ್ಬರು ಹವ್ಯಾಸಿಗಳು, ಪಿಯಾನೊ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ತರುಣ ಕಾವೊರು ಇಕೆಯಾ ಮತ್ತು ತ್ಸುತೊಮು ಸೆಕಿ, ಪರಸ್ಪರರ ಅರಿವಿಲ್ಲದೆ ಕೆಲವೇ ನಿಮಿಷಗಳ ಅಂತರದಲ್ಲಿ ಕಂಡುಹಿಡಿದ ಧೂಮಕೇತುವೂ ಈ ಕುಟುಂಬದ್ದೇ. ಅಕ್ಟೋಬರ್ 21ರಂದು ಅದು ಸೂರ್ಯನ ಮೇಲ್ಮೈಯಿಂದ ಸುಮಾರು ನಾಲ್ಕೂವರೆ ಲಕ್ಷ ಕಿಲೋಮೀಟರ್ ದೂರದಲ್ಲಿ ಹಾಯುವಾಗ, ಸೂರ್ಯಬಿಂಬವನ್ನು ಮರೆಮಾಡಿಕೊಂಡು ನೋಡಿದವರಿಗೆ ಹಾಡೇಹಗಲಿನಲ್ಲಿಯೇ ಕಾಣಿಸಿತು. ಸೋಹೊ ನೌಕೆ 1995ರ ಡಿಸೆಂಬರಿನಲ್ಲಿ ಹಾರಿದಂದಿನಿಂದ 2024ರ ಮಾರ್ಚ್ ವೇಳೆಗೆ ಅದರ ಚಿತ್ರಗಳಲ್ಲಿ 5,000 ಧೂಮಕೇತುಗಳು ಪತ್ತೆಯಾಗಿದ್ದವು; ಅವುಗಳಲ್ಲಿ ಹೆಚ್ಚಿನವು ಈ ಕುಟುಂಬದ ಪುಟ್ಟ ತುಣುಕುಗಳು, ಸೂರ್ಯನ ಬಳಿ ಬಂದು ಆವಿಯಾಗಿ ಹೋದಂಥವು. ಅವುಗಳನ್ನು ಗುರುತಿಸಿದವರಲ್ಲಿ ಬಹುಪಾಲು ಮಂದಿ ಸಂಬಳಕ್ಕಾಗಿ ಅಲ್ಲದೆ ಆಸಕ್ತಿಗಾಗಿ ದುಡಿದ ಹವ್ಯಾಸಿಗಳು.

ಅಳಿದ ಧೂಮಕೇತು ವ್ಯರ್ಥವಾಯಿತೆಂದು ಎಣಿಸುವುದು ಉಚಿತವಲ್ಲ. ಇಕೆಯಾ-ಸೆಕಿಯ ಬೆಳಕನ್ನು ರೋಹಿತದರ್ಶಕದಲ್ಲಿ ನೋಡಿದಾಗ ಕಬ್ಬಿಣ, ನಿಕ್ಕಲ್, ಕ್ಯಾಲ್ಸಿಯಂ ಮುಂತಾದ ಲೋಹಗಳ ರೇಖೆಗಳು ಕಂಡುವು. ಸೂರ್ಯನ ತಾಪವು ಧೂಮಕೇತುವಿನ ಧೂಳನ್ನೇ ಆವಿಯಾಗಿಸಿ, ಅದು ಯಾವ ದ್ರವ್ಯದಿಂದಾಯಿತೆಂಬುದನ್ನು ಬಿಚ್ಚಿ ತೋರಿಸಿತು. ಲವ್‌ಜಾಯ್ ಕರೋನಾದೊಳಗೆ ಹಾಯುವಾಗ ಅದರ ಬಾಲವು ಅತ್ತಿತ್ತ ಸರಿದಾಡಿದ್ದನ್ನು ನೋಡಿ, ಯಾವ ನೌಕೆಯೂ ಅಂದಿಗೆ ಹೋಗಲಾರದಿದ್ದ ಆ ಪ್ರದೇಶದ ಕಾಂತಕ್ಷೇತ್ರ ಯಾವ ಕಡೆಗೆ ಹರಿಯುವುದೆಂದು ಸೌರವಿಜ್ಞಾನಿಗಳು ಅರಿತರು. ಅದಕ್ಕೂ ಬಹಳ ಹಿಂದೆ, 1951ರಲ್ಲಿ, ಧೂಮಕೇತುಗಳ ಬಾಲ ಸದಾ ಸೂರ್ಯನಿಗೆ ವಿಮುಖವಾಗಿರುವ ರೀತಿಯನ್ನು ಪರಿಶೀಲಿಸಿ, ಸೂರ್ಯನಿಂದ ಎಡೆಬಿಡದೆ ಕಣಗಳ ಪ್ರವಾಹವೊಂದು ಹೊರಡುತ್ತಿರಬೇಕೆಂದು ಜರ್ಮನಿಯ ಲುಡ್ವಿಗ್ ಬೀರ್‌ಮನ್ ಊಹಿಸಿದ್ದನು. ಅದನ್ನೇ ನಾವಿಂದು ಸೌರಮಾರುತವೆನ್ನುತ್ತೇವೆ.

ಈ ವಿದ್ಯೆಯಲ್ಲಿ ನಮ್ಮ ನಾಡಿಗೂ ಪಾಲುಂಟು. 1949ರ ಜುಲೈ 2ರಂದು ಹಾರ್ವರ್ಡಿನಲ್ಲಿ ವ್ಯಾಸಂಗ ಮಾಡುತ್ತಿದ್ದ ವೇಣು ಬಪ್ಪು ಛಾಯಾಚಿತ್ರಫಲಕವೊಂದರಲ್ಲಿ ಹೊಸ ಧೂಮಕೇತುವನ್ನು ಗುರುತಿಸಿದರು. ಬಪ್ಪು-ಬೋಕ್-ನ್ಯೂಕರ್ಕ್ ಎಂಬ ಅದರ ಹೆಸರಿನಲ್ಲಿ ಭಾರತೀಯನೊಬ್ಬನ ನಾಮವು ಮೊದಲಾಗಿ ನಿಂತಿದೆ. ಮುಂದೆ ಅವರು ಕಟ್ಟಿ ಬೆಳೆಸಿದ ಭಾರತೀಯ ಖಭೌತ ಸಂಸ್ಥೆಯು ಬೆಂಗಳೂರಿನಲ್ಲಿ ನೆಲೆಗೊಂಡಿದೆ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ ಅದರ ಎರಡು ಮೀಟರ್ ದೂರದರ್ಶಕವನ್ನು ಬೆಂಗಳೂರಿನ ಸಮೀಪದ ಹೊಸಕೋಟೆಯಲ್ಲಿ ಕುಳಿತೇ ನಡೆಸುತ್ತಾರೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆಯ ಕರೋನಾಗ್ರಾಫ್ ಉಪಕರಣವೂ ಇದೇ ಸಂಸ್ಥೆಯ ನಿರ್ಮಾಣ.

2024ರ ಸೆಪ್ಟೆಂಬರ್ ಅಂತ್ಯದಲ್ಲಿ ಬೆಂಗಳೂರಿನ ಜನರು ಮುಂಜಾನೆಯ ಪೂರ್ವದಿಗಂತದಲ್ಲಿ ಕಂಡ ತ್ಸುಚಿನ್‌ಶಾನ್-ಅಟ್ಲಾಸ್ ಧೂಮಕೇತುವಿನ ಕಥೆ ಐಸಾನ್ ಕಥೆಯ ವಿಪರ್ಯಯ. ಅದು ಸೂರ್ಯನ ಬಳಿಗೆ ಬರುವ ಮೊದಲೇ ಅವಶ್ಯವಾಗಿ ಪುಡಿಯಾಗುವುದೆಂದು, ಧೂಮಕೇತುಗಳ ವಿಷಯದಲ್ಲಿ ದೀರ್ಘಕಾಲ ಪರಿಶ್ರಮಿಸಿದ ಝ್ಡೆನೆಕ್ ಸೆಕಾನಿನಾ ಅದೇ ವರ್ಷದ ಜುಲೈ ತಿಂಗಳಲ್ಲಿ ಬರೆದಿದ್ದರು. ಸೆಪ್ಟೆಂಬರ್ 27ರಂದು ಅದು ಸೂರ್ಯನಿಂದ ಸುಮಾರು 5.8 ಕೋಟಿ ಕಿಲೋಮೀಟರ್ ದೂರದಲ್ಲಿ, ಲೆಕ್ಕ ಹೇಳಿದ ಹಾದಿಯಲ್ಲಿಯೇ, ಅಖಂಡವಾಗಿ ಹಾದುಬಂದು, ಅಕ್ಟೋಬರಿನ ಸಂಜೆಗಳಲ್ಲಿ ಪಶ್ಚಿಮಾಕಾಶದಲ್ಲಿ ಬೆಳಗಿತು. ಆ ವಿದ್ವಾಂಸರ ತರ್ಕಕ್ಕೆ ಆಧಾರವಿಲ್ಲದಿರಲಿಲ್ಲ. ಪ್ರಭೆಯ ವಿಷಯದಲ್ಲಿ ಅನುಭವಿಗಳ ಆಶೆಯಂತೆ ಅನುಭವಿಗಳ ನಿರಾಶೆಯೂ ಹುಸಿಯಾಗಬಹುದೆಂಬುದಷ್ಟೇ ಇಲ್ಲಿಯ ಪಾಠ.

ಆದುದರಿಂದ ಮುಂದೆ ಹೊಸ ಧೂಮಕೇತುವಿನ ವಾರ್ತೆ ಬಂದಾಗ ಓದುಗರು ಅದನ್ನು ಎರಡಾಗಿ ವಿಂಗಡಿಸಿ ಓದಬೇಕೆಂದು ನನ್ನ ವಿನಂತಿ. ಯಾವ ದಿನ, ಯಾವ ದಿಕ್ಕಿನಲ್ಲಿ, ದಿಗಂತದಿಂದ ಎಷ್ಟು ಎತ್ತರದಲ್ಲಿ ಎಂಬುದನ್ನು ಸಂದೇಹವಿಲ್ಲದೆ ನಂಬಬಹುದು. ಎಷ್ಟು ಕಾಂತಿ ಎಂಬುದನ್ನು ಓದುವಾಗ, ಹೇಳಿದವರು ಯಾರು, ಹೆಚ್ಚೆಂದರೆ ಎಷ್ಟು ಕಡಿಮೆಯೆಂದರೆ ಎಷ್ಟು ಎಂದು ಹೇಳಿರುವರೆ, ಧೂಮಕೇತು ಹೊಸದೋ ಹಿಂದೊಮ್ಮೆ ಬಂದದ್ದೋ ಎಂದು ವಿಚಾರಿಸಬೇಕು. ಪತ್ರಿಕೆಗಳು ಸಹ ಈ ಎರಡು ಮಾತುಗಳನ್ನು ಒಂದೇ ಶೀರ್ಷಿಕೆಯಲ್ಲಿ ಬೆರೆಸದೆ ಬೇರೆಬೇರೆಯಾಗಿ ಅಚ್ಚುಮಾಡಿದರೆ ವಾಚಕರಿಗೆ ದೊಡ್ಡ ಉಪಕಾರವಾದೀತು. ನೋಡುವವರು ಸೂರ್ಯೋದಯಕ್ಕೆ ಮುಂಚೆಯೋ ಸೂರ್ಯಾಸ್ತವಾದ ಮೇಲೆಯೋ ನೋಡತಕ್ಕದ್ದು. ಸೂರ್ಯನು ಆಕಾಶದಲ್ಲಿರುವಾಗ ಅವನ ಬಳಿ ಧೂಮಕೇತುವನ್ನು ಹುಡುಕಲು ಬೈನಾಕ್ಯುಲರ್ ಹಿಡಿದರೆ ಕಣ್ಣು ಶಾಶ್ವತವಾಗಿ ಕೆಡುವುದು. ಶಾಲೆಯ ಉಪಾಧ್ಯಾಯರಲ್ಲಿ ನನ್ನ ಪ್ರಾರ್ಥನೆ ಇನ್ನೊಂದುಂಟು: ಧೂಮಕೇತು ಚೆನ್ನಾಗಿ ಕಾಣುವುದೆಂಬ ಖಾತ್ರಿಯಾಗುವವರೆಗೆ ಕಾಯದೆ, ಸಂದೇಹವಿರುವಾಗಲೇ ಮಕ್ಕಳನ್ನು ಬಯಲಿಗೆ ಕರೆದುಕೊಂಡು ಹೋಗಿ, ಗಣಿತವು ತೋರಿಸಿದ ಸ್ಥಾನವನ್ನು ನಕ್ಷತ್ರಗಳ ನಡುವೆ ಗುರುತಿಸಿ, ಅಲ್ಲಿ ಕಂಡದ್ದನ್ನು ಕಂಡಂತೆ ಬರೆದಿಡಲು ಕಲಿಸಿರಿ. ಕಂಡರೆ ಅವರಿಗೆ ಆನಂದ. ಕಾಣದಿದ್ದರೆ, ವಿಜ್ಞಾನವು ತಾನು ಬಲ್ಲುದನ್ನು ನಿಶ್ಚಯವಾಗಿಯೂ ಅರಿಯದುದನ್ನು ಅರಿಯೆನೆಂದೂ ಹೇಳುವ ವಿದ್ಯೆಯೆಂಬ ತಿಳಿವಳಿಕೆ ಅವರಿಗೆ ಎಳೆವಯಸ್ಸಿನಲ್ಲಿಯೇ ದೊರೆಯುವುದು. ಕೊಹೂಟೆಕ್‌ನ ನಿರಾಶೆಯಿಂದ ವೆಸ್ಟ್ ಧೂಮಕೇತುವನ್ನು ಕಳೆದುಕೊಂಡವರಂತೆ ಅವರು ಮುಂದಿನದನ್ನು ಕಳೆದುಕೊಳ್ಳಲಾರರು.